ನೂರೋ ಮೂರೋ

ಕಾಯಿಲೆ ಬಿದ್ದು ಎದ್ದವರನ್ನು ಕಂಡರೆ ಜನ ಏನಾದರೂ ಅನ್ನಲೇಬೇಕು, ಇಲ್ಲದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಅಕ್ಷರಮ್ಮನನ್ನು ಕಂಡವರೆಲ್ಲ ಮೊದಲೇ ಮಾತಾಡಿಕೊಂಡು ಬಂದವರಂತೆ ಒಂದೇ ಮಾತು ಅನ್ನುತ್ತಿದ್ದರು.

"ಪರವಾಗಿಲ್ವೇ, ಮೈಕೈ ತುಂಬ್ಕೊಂಡು ಒಳ್ಳೇ ಲಕ್ಷಣವಾಗಿದೀಯ. ಕೆನ್ನೆ ನೋಡು, ಎಷ್ಟು ಚೆನ್ನಾಗಿ ಬಂದಿದೆ."

ಕೆನ್ನೆ ಬಂದದ್ದು ಸ್ಟೀರಾಯ್ಡ್ ಮಾತ್ರೆಯಿಂದ. ಮುಖ ತಟ್ಟೆಯ ಹಾಗೆ ದುಂಡಗಾಗಿ, ಕಣ್ಣುಗಳು ಅದರೊಳಗೆ ಎಲ್ಲೋ ಹೂತುಹೋಗಿ, ಬೆಳಗ್ಗೆ ಕನ್ನಡಿ ನೋಡಿದರೆ ಯಾರೋ ದೂರದ ನೆಂಟರು ಹೇಳದೆ ಕೇಳದೆ ಬಂದು ಕೂತ ಹಾಗಿರುತ್ತಿತ್ತು. ಮೇಲ್ತುಟಿಯ ಮೇಲೆ ಹೊಸದಾಗಿ ಒಂದು ಕಪ್ಪು ನೆರಳು. ಜೊತೆಗೆ ಹಸಿವು. ಹಸಿವೆಂದರೆ ಅಂತಿಂಥ ಹಸಿವಲ್ಲ. ಉಂಡು ಕೈ ತೊಳೆಯುವಷ್ಟರಲ್ಲಿ ಹೊಟ್ಟೆ ಮತ್ತೆ ತಾಳ ಹಾಕುತ್ತಿತ್ತು. ಕೆಲಸವೋ ಬೇಕರಿಯಲ್ಲಿ. ಅದೇ ಮಾತ್ರೆ ಸಕ್ಕರೆ ಕಾಯಿಲೆಯನ್ನೂ ಕೈಹಿಡಿದು ಕರೆತಂದಿದ್ದರಿಂದ ಕ್ರೀಮು ಮೆತ್ತಿದ ಬೆರಳನ್ನು ನೆಕ್ಕುವ ಹಾಗೂ ಇರಲಿಲ್ಲ. ಕೆನ್ನೆ ಹೊಗಳಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಹೊರಟರೆ ದೊಡ್ಡ ಪುರಾಣವಾಗುತ್ತದೆಂದು ಅವಳು ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು.

ಅಕ್ಷರಮ್ಮ ಎನ್ನುವುದು ಬೇಕರಿಯವರು ಇಟ್ಟ ಹೆಸರು. ಕೇಕಿನ ಮೇಲೆ ಬರೆಯುವವಳು ಅವಳು. ಕ್ರೀಮು ತುಂಬಿದ ಕೋನಿನ ತುದಿ ಕತ್ತರಿಸಿ, ಉಸಿರು ಬಿಗಿಹಿಡಿದು ಬಗ್ಗಿದಳೆಂದರೆ ತಲೆಕಟ್ಟು, ಕೊಂಬು, ಒತ್ತು ಎಲ್ಲ ಮುಗಿದ ಮೇಲೇ ತಲೆಯೆತ್ತುವುದು. ಕಾಗದದ ಮೇಲೆ ತಪ್ಪಾದರೆ ಹೊಡೆದುಹಾಕಬಹುದು, ಕೇಕಿನ ಮೇಲೆ ಕೆರೆದರೆ ಕಲೆ ಉಳಿಯುತ್ತದೆ. ಹಾಗಾಗಿ ಅವಳು ತಪ್ಪುವುದನ್ನೇ ಕಲಿತಿರಲಿಲ್ಲ. ಗಿರಾಕಿಗಳು ಕೊಳ್ಳುವುದನ್ನು ಬಿಟ್ಟು ಗಾಜಿನಾಚೆ ನಿಂತು ಅವಳ ಕೈಯನ್ನೇ ನೋಡುತ್ತಿದ್ದ ಕಾಲವೊಂದಿತ್ತು. ಅದನ್ನು ನೆನೆದರೆ ಅವಳಿಗೆ ಈಗಲೂ ಸಂಕಟವಾಗುತ್ತಿತ್ತು.

ಹೋದ ವರ್ಷ ಅವಳ ಎರಡು ಕಿಡ್ನಿಗಳೂ ಒಟ್ಟಿಗೆ ಕೈಕೊಟ್ಟವು. ಬದಲಿಗೆ ಹಾಕಲು ಗಂಡನದು ಹೊಂದಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಆ ಗಟ್ಟಿ ಮನುಷ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮಗುವಿನ ಹಾಗೆ ಅತ್ತ. ಒಡಹುಟ್ಟಿದ ತಮ್ಮ ಫೋನ್ ಎತ್ತುವುದನ್ನೇ ಬಿಟ್ಟ. ಕೊನೆಗೆ ಹೊಂದಿದ್ದು ಅತ್ತೆಯದು. ಅತ್ತೆ ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಜೀವಮಾನ ಕಳೆದು ರಿಟೈರ್ ಆದವರು. ಅವರ ಕಣ್ಣಿಗೆ ಪ್ರಪಂಚದ ವ್ಯವಹಾರವೆಲ್ಲ ಒಂದು ಸಾಲು, ಯಾವ ಮಾತು ಶುರುವಾದರೂ ಮುಗಿಯುವುದು "ಮುಂದೆ" ಎಂಬಲ್ಲಿಗೆ. ಡಾಕ್ಟರಿಗೂ ಹಾಗೇ ಹೇಳಿದ್ದರು: "ನಂದು ತಗೊಳ್ಳಿ. ಸಹಿ ಎಲ್ಲಿ ಹಾಕ್ಬೇಕು? ಸರಿ, ಮುಂದೆ."

ಕೊಟ್ಟರು, ನಿಜ. ಆದರೆ ಕೊಟ್ಟದ್ದನ್ನು ಬಿಟ್ಟುಕೊಟ್ಟಿರಲಿಲ್ಲ.

"ನಂದು ಹೇಗಿದೆ?" ಬೆಳಗ್ಗೆ ಎದ್ದ ಕೂಡಲೇ ಇದು ಅತ್ತೆಯ ಮೊದಲ ಪ್ರಶ್ನೆ. ನೀನು ಹೇಗಿದೀಯ ಎಂದಲ್ಲ. "ನಂದಕ್ಕೆ ನೀರು ಕುಡಿಸಿದ್ಯಾ? ಬಿಸಿಲಲ್ಲಿ ಓಡಾಡ್ಬೇಡ ಕಣೇ, ನಂದು ಅಂಥದ್ದೆಲ್ಲ ಕಂಡಿಲ್ಲ. ಮದುವೆಗೆ ಯಾಕೆ ಹೋಗ್ಬೇಕು? ಸೀನೋರು ಕೆಮ್ಮೋರು ಎಲ್ಲ ಅಲ್ಲೇ ಸೇರಿರ್ತಾರೆ. ನಂದಕ್ಕೆ ಏನಾದ್ರೂ ತಗುಲಿದ್ರೆ?"

ಬಾಡಿಗೆ ಮನೆಗೆ ಮಾಲೀಕರು ದಿನಾ ಬಂದು ಗೋಡೆಗೆ ಮೊಳೆ ಹೊಡೆದಿದ್ದಾರೋ ಏನೋ ಎಂದು ನೋಡಿಹೋದರೆ ಹೇಗಿರುತ್ತದೋ ಹಾಗಿತ್ತು. ಹೊಟ್ಟೆ ತನ್ನದೇ, ಆದರೂ ತಾನೇ ಅದರಲ್ಲಿ ಬಾಡಿಗೆಗಿದ್ದೇನೆ ಎನಿಸಿ ಅಕ್ಷರಮ್ಮನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಮ್ಮೆ ತಡೆಯಲಾರದೆ ಹೇಳಿಯೂ ಬಿಟ್ಟಳು.

"ಅತ್ತೆ, ಅದು ಈಗ ನನ್ನೊಳಗಿದೆ."

"ನಿನ್ನೊಳಗಿದೆ, ಆದ್ರೆ ನಂದು," ಎಂದರು ಅತ್ತೆ. "ಮುಂದೆ."

ಹೊರಗಿನ ಕಿಡ್ನಿ ಒಳಗೆ ಬಂದರೆ ದೇಹ ಅದನ್ನು ಕಳ್ಳನೆಂದು ತಿಳಿದು ಮೈಮೇಲೆ ಬೀಳುತ್ತದೆ. ಹಾಗೆ ಬೀಳದಂತೆ ದೇಹದ ಕಾವಲನ್ನು ಮಂಕಾಗಿಸುವ ಮಾತ್ರೆಗಳನ್ನು ಬದುಕಿರುವವರೆಗೂ ನುಂಗಬೇಕು. ಅವುಗಳಲ್ಲಿ ಮುಖ್ಯವಾದದ್ದು ಬೆಳಗ್ಗೆ ಸಂಜೆ ತಪ್ಪಿಸಲೇಬಾರದ ಒಂದು ಕ್ಯಾಪ್ಸೂಲ್. ಕಿಡ್ನಿ ಕಾಯುವುದರ ಜೊತೆಗೆ ಅದಕ್ಕೆ ಇನ್ನೊಂದು ಚಾಳಿಯಿತ್ತು, ಕೈ ನಡುಗಿಸುವುದು. ನುಂಗಿ ಸ್ವಲ್ಪ ಹೊತ್ತಿಗೆ ಬೆರಳ ತುದಿಯಲ್ಲಿ ಸಣ್ಣಗೆ ಶುರುವಾಗಿ ಮಣಿಕಟ್ಟಿನವರೆಗೆ ಹತ್ತುತ್ತಿತ್ತು. ಇಷ್ಟು ವರ್ಷ ಅನ್ನ ಕೊಟ್ಟ ಕೈಯೇ ಕೈಕೊಟ್ಟರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಡಾಕ್ಟರ ಹತ್ತಿರ ಹೇಳಿಕೊಂಡಳು. ಡಾಕ್ಟರಮ್ಮ ಒಳ್ಳೆಯವರೇ, ಆದರೆ ಹೊರಗೆ ಬೆಂಚುಗಳು ತುಂಬಿದ್ದವು.

"ನಡುಕ ಬರುತ್ತೆ, ಈ ಔಷಧಿಗೆ ಅದು ಇದ್ದದ್ದೇ. ಊಟ ಮಾಡೋಕೆ ಆಗುತ್ತಾ?"

"ಆಗುತ್ತೆ."

"ಬಟನ್ ಹಾಕ್ಕೊಳ್ಳೋಕೆ?"

"ಆಗುತ್ತೆ."

"ಹಾಗಾದ್ರೆ ಪರವಾಗಿಲ್ಲ. ನಡುಕ ಇದ್ರೂ ಕಿಡ್ನಿ ಇರುತ್ತೆ, ಅಲ್ವಾ?"

ಅಲ್ಲ ಎನ್ನಲು ಬರುವುದಿಲ್ಲ. ಒಬ್ಬರ ಹೊಟ್ಟೆ ಕೊಯ್ದು ತೆಗೆದ ಕಿಡ್ನಿಯ ಮುಂದೆ ಕೇಕಿನ ಮೇಲಿನ ಕೊಂಬು, ಒತ್ತು ಎಂದು ಬಾಯಿಬಿಟ್ಟರೆ ನಗೆಪಾಟಲಾಗುತ್ತದೆಂದು ಅವಳು ಎದ್ದುಬಂದಳು. ಊಟ, ಬಟನ್ನು! ಊಟ ಮಾಡುವುದಕ್ಕೂ ಬಟನ್ ಹಾಕುವುದಕ್ಕೂ ಬೇಕರಿಯವನು ಸಂಬಳ ಕೊಡುತ್ತಾನೆಯೇ? ಬಸ್ಸಿನುದ್ದಕ್ಕೂ ಅವಳು ಮನಸ್ಸಿನಲ್ಲೇ ಡಾಕ್ಟರಮ್ಮನ ಜೊತೆ ಜಗಳವಾಡಿದಳು. ಮನೆಗೆ ಬಂದಾಗ ಅತ್ತೆ ಕೇಳಿದರು, "ನಂದು ಹೇಗಿದೆಯಂತೆ?"

ಆಮೇಲೆ ಮುದುಕರ ಕೇಕು ಬಂತು.

ಎಂಬತ್ತು ತುಂಬಿದ ತಾತನೊಬ್ಬರ ಹುಟ್ಟುಹಬ್ಬ, ಎರಡಂತಸ್ತಿನ ಕೇಕು. ಬರೆಯಬೇಕಾದದ್ದು "ನೂರು ವರ್ಷ ಬಾಳಿ" ಎಂದು. ಅಂದು ಅಕ್ಷರಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದು, ಮೊಣಕೈಯನ್ನು ಮೇಜಿಗೆ ಒತ್ತಿ, ದೇವರಿಗೆಲ್ಲ ಬೇಡಿಕೊಂಡು ಬರೆದಳು. "ನೂ" ಎಳೆಯುವಾಗ ಕೈ ಎರಡು ಸಲ ಜಗ್ಗಿ, ಬೇಡದ ಕಡೆ ಒಂದು ಸುರುಳಿ ಸುತ್ತಿ ಮುಂದೆ ಹೋಯಿತು. ಡೆಲಿವರಿಯವನು ಹಾರ್ನ್ ಹೊಡೆಯುತ್ತಿದ್ದ. ಯಾರೂ ಓದಿ ನೋಡಲಿಲ್ಲ, ಪೆಟ್ಟಿಗೆ ಹೋಯಿತು.

ಮಾರನೇ ದಿನ ತಾತನ ಹಿರಿಯ ಮಗ ಬಾಗಿಲಲ್ಲಿ ನಿಂತಿದ್ದ. ಅವನೇನೂ ಕೂಗಾಡಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

"ಮೂರು ವರ್ಷ ಬಾಳಿ ಅಂತ ಬರೆದಿದೀರಲ್ಲಮ್ಮಾ. ನೆಂಟರೆಲ್ಲ ಸುತ್ತ ನಿಂತಿದಾರೆ, ಅಪ್ಪನೇ ಕನ್ನಡಕ ಹಾಕ್ಕೊಂಡು ಜೋರಾಗಿ ಓದಿದ್ರು. ನಿನ್ನೆಯಿಂದ ಒಂದೇ ಸಮ ಕೇಳ್ತಿದಾರೆ, ಡಾಕ್ಟ್ರು ನಿಮಗೇನೋ ಹೇಳಿರ್ಬೇಕು, ನನ್ನಿಂದ ಮುಚ್ಚಿಡ್ತಿದೀರ ಅಂತ. ಎಲ್ಲ ಬಿಟ್ಟು ಮೂರೇ ಯಾಕೆ ಬರೆದ್ರು ಅಂತ ಕೇಳ್ತಿದಾರೆ. ಏನು ಹೇಳ್ಲಿ ನಾನು?"

ಬೇಕರಿಯ ಹುಡುಗಿಯರು ಒಳಗೆ ಹೋಗಿ ಬಾಯಿಗೆ ಸೆರಗು ಹಿಡಿದು ನಕ್ಕರು. ಬೇರೆ ಯಾರಾದರೂ ಬರೆದಿದ್ದರೆ ಅಕ್ಷರಮ್ಮನೂ ನಗುತ್ತಿದ್ದಳು. ಯಜಮಾನ ಕ್ಷಮೆ ಕೇಳಿ, ಹೊಸ ಕೇಕು ಕೊಟ್ಟು ಕಳಿಸಿ, ಅವಳ ಕಡೆ ತಿರುಗಿದ. ಅವನದು ಮೆದು ಮಾತು, ಮೈಯೆಲ್ಲ ಲೆಕ್ಕಾಚಾರ.

"ಈಗೆಲ್ಲ ಮಿಷನ್ ಬಂದಿದೆಯಮ್ಮ. ಹಾಳೆ ಮೇಲೆ ಅಚ್ಚು ಹಾಕಿ ಕೊಡುತ್ತೆ, ಕೇಕಿನ ಮೇಲೆ ಅಂಟಿಸಿದ್ರಾಯ್ತು. ನಿಮ್ಮ ಕೈ ಇದೆಯಲ್ಲ ಅಂತ ನಾನೇ ಬೇಡ ಅಂದಿದ್ದೆ. ಇನ್ನೊಂದು ಸಲ ಹೀಗಾದ್ರೆ ತರಿಸಿಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರಲ್ಲ, ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಉರಿಯಬೇಕೆಂದು ಮಾತ್ರ ತಿಳಿಯಲಿಲ್ಲ. ಯಜಮಾನನ ಮಾತು ಸರಿ, ಡಾಕ್ಟರಮ್ಮನ ಮಾತೂ ಸರಿ, ಅತ್ತೆಯಂತೂ ಹುಟ್ಟಿನಿಂದಲೇ ಸರಿ. ಎಲ್ಲರೂ ಸರಿಯಿದ್ದು ತಾನೊಬ್ಬಳೇ ಕೆಟ್ಟುಕೂತ ಮೇಲೆ ಸಿಟ್ಟನ್ನಾದರೂ ಎಲ್ಲಿಡುವುದು?

ಒಂದು ಬೆಳಗ್ಗೆ ಆರ್ಡರುಗಳ ಗಡಿಬಿಡಿಯಲ್ಲಿ, ಅತ್ತೆ ಫೋನ್ ಮಾಡಿ ನೆನಪಿಸಿದ್ದರೂ, ಕ್ಯಾಪ್ಸೂಲ್ ನುಂಗುವುದು ಮರೆತೇಹೋಯಿತು. ಮಧ್ಯಾಹ್ನ ಕೋನ್ ಹಿಡಿದಾಗ ಕೈ ಅಷ್ಟಾಗಿ ನಡುಗಲಿಲ್ಲ. ಪೂರ್ತಿ ನಿಂತಿತ್ತೆಂದಲ್ಲ, ಆದರೆ "ನೂ" ನೂವಿನ ಹಾಗೇ ಬಂತು. ಕಳೆದುಹೋದ ಸರ ದಿಂಬಿನಡಿ ಸಿಕ್ಕಿದವಳ ಹಾಗೆ ಅವಳು ಆ ಅಕ್ಷರವನ್ನು ನೋಡಿದಳು.

ಅಲ್ಲಿಂದ ಕೆಟ್ಟಿತು. ದೊಡ್ಡ ಕೇಕು ಇದ್ದ ದಿನವೆಲ್ಲ ಬೆಳಗಿನ ಕ್ಯಾಪ್ಸೂಲ್ ಬಿಡತೊಡಗಿದಳು. ಬೆಳಗಿನದನ್ನು ಅವಳು ನುಂಗುತ್ತಿದ್ದದ್ದು ಬೇಕರಿಯಲ್ಲೇ. ಅದರ ಹೊತ್ತಿಗೆ ಸರಿಯಾಗಿ ಅತ್ತೆಯ ಫೋನು ಬರುತ್ತಿತ್ತು.

"ನುಂಗಿದ್ಯಾ?"

"ನುಂಗಿದೆ."

"ಸರಿ. ಮುಂದೆ."

ಆದರೆ ಸಂಜೆ ಮನೆಗೆ ಬಂದ ಮೇಲೆ ಅತ್ತೆಗೆ ಕ್ಯಾಪ್ಸೂಲಿನ ಖಾಲಿ ಪಟ್ಟಿ ತೋರಿಸಬೇಕು. ಅಷ್ಟು ವರ್ಷ ಟಿಕೆಟ್ ಕೊಟ್ಟ ಕೈ, ಕಣ್ಣಾರೆ ನೋಡದೆ ನಂಬುವುದಿಲ್ಲ. ಹಾಗಾಗಿ ಅಕ್ಷರಮ್ಮ ಕ್ಯಾಪ್ಸೂಲನ್ನು ಪಟ್ಟಿಯಿಂದ ಒಡೆದು ತೆಗೆಯುತ್ತಿದ್ದಳು. ಎಸೆಯಲು ಕೈ ಬರುತ್ತಿರಲಿಲ್ಲ. ಎಷ್ಟೆಂದರೂ ಔಷಧಿ, ಅದೂ ಅತ್ತೆಯ ಕಿಡ್ನಿಗೆ ಸೇರಿದ್ದು. ಕೇಕಿನ ಮೇಲೆ ಉದುರಿಸುವ ಬೆಳ್ಳಿ ಮಣಿಗಳ ಹೆಚ್ಚುಕಮ್ಮಿ ಖಾಲಿಯಾದ ಡಬ್ಬಿಯೊಂದಿತ್ತು, ಅದರೊಳಗೆ ಹಾಕುತ್ತಿದ್ದಳು. ಬೇಕರಿಯಲ್ಲಿ ಯಾರಾದರೂ ಮಣಿಯೆಂದು ತೆಗೆದುಬಿಟ್ಟಾರು ಎಂಬ ಹೆದರಿಕೆಗೆ ಡಬ್ಬಿ ಸದಾ ಅವಳ ಕೈಚೀಲದಲ್ಲೇ. ನಡೆದರೆ ಗಲಗಲ ಎನ್ನುತ್ತಿತ್ತು.

"ಅದೇನೇ ಸದ್ದು?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ಕೇಕಿನ ಮಣಿ."

"ತಿನ್ಬೇಡ ಮತ್ತೆ. ಸಕ್ಕರೆ ಅದು, ನಂದಕ್ಕೆ ಆಗಲ್ಲ."

ಮುಂದಿನ ಸಲ ರಕ್ತ ಕೊಟ್ಟಾಗ ಔಷಧಿಯ ಮಟ್ಟ ಕಡಿಮೆ ಬಂತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

"ಸರಿಯಾಗಿ ತಗೊಳ್ತಿದೀರಿ ತಾನೇ?"

"ತಗೊಳ್ತಿದೀನಿ," ಎಂದಳು ಅಕ್ಷರಮ್ಮ. ಪಕ್ಕದಲ್ಲೇ ಕೂತಿದ್ದ ಅತ್ತೆ, "ದಿನಾ ನಾನೇ ಪಟ್ಟಿ ನೋಡ್ತೀನಿ ಡಾಕ್ಟ್ರೇ," ಎಂದು ಒತ್ತಿ ಹೇಳಿದರು. ಸಾಕ್ಷಿ ಇಷ್ಟು ಗಟ್ಟಿಯಿದ್ದ ಮೇಲೆ ಡಾಕ್ಟರಮ್ಮ ಇನ್ನೇನು ಮಾಡಿಯಾರು? ಕೆಲವರ ಮೈಗೆ ಔಷಧಿ ಸರಿಯಾಗಿ ಹತ್ತುವುದಿಲ್ಲ ಎಂದು ಪ್ರಮಾಣ ಹೆಚ್ಚಿಸಿದರು. ಈಗ ನುಂಗಿದ ದಿನ ಕೈ ಮೊದಲಿಗಿಂತ ಜೋರಾಗಿ ನಡುಗತೊಡಗಿತು. ಲೋಟ ಎತ್ತಿದರೆ ನೀರು ಮೈಮೇಲೆ. ಅದಕ್ಕೆ ಅವಳು ಇನ್ನೂ ಹೆಚ್ಚು ದಿನ ಬಿಟ್ಟಳು. ಮಟ್ಟ ಮತ್ತೆ ಇಳಿಯಿತು, ಡಾಕ್ಟರಮ್ಮ ಮತ್ತೆ ಏರಿಸಿದರು. ಮುಂದೆ ಹೋದರೆ ಹೊಂಡ, ಹಿಂದೆ ಬಂದರೆ ಅತ್ತೆ. ಒಂದು ಸುಳ್ಳನ್ನು ಸಾಕಲು ಇಷ್ಟೊಂದು ದುಡಿಯಬೇಕೆಂದು ಗೊತ್ತಿದ್ದರೆ ಅವಳು ಶುರುವಿನಲ್ಲೇ ಕೇಕಿನ ವಿಷಯ ಹೇಳಿ ನಗಿಸಿಕೊಂಡು ಬರುತ್ತಿದ್ದಳು.

ಈ ನಡುವೆ ಬೇಕರಿಯಲ್ಲಿ ಅಕ್ಷರಗಳು ನೆಟ್ಟಗಿದ್ದವು. ಯಜಮಾನ ಮಿಷನ್ನಿನ ಮಾತೆತ್ತಲಿಲ್ಲ. ಅವಳ ಕಾಲು ಮಾತ್ರ ಸಂಜೆಯಾದರೆ ಊದಿಕೊಳ್ಳುತ್ತಿತ್ತು. ಇಡೀ ದಿನ ನಿಂತೇ ಇರುವುದರಿಂದ ಎಂದು ತನಗೆ ತಾನೇ ಹೇಳಿಕೊಂಡಳು.

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆಯೆಂದು ತೋರಿಸುವ ಅಂಕಿ ಆ ತಿಂಗಳು ಮೇಲೇರಿತು. ಅದು ಏರಬಾರದ ಅಂಕಿ. ಡಾಕ್ಟರಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಹೊರಗಿನ ಬೆಂಚುಗಳನ್ನು ಮರೆತು ಕುರ್ಚಿಗೆ ಒರಗಿದರು.

"ಇಷ್ಟು ಡೋಸ್ ಕೊಟ್ರೂ ಮಟ್ಟ ನಿಲ್ತಾ ಇಲ್ಲ. ಕಿಡ್ನಿಗೆ ಪೆಟ್ಟು ಬೀಳ್ತಿದೆ. ಸೂಜಿ ಹಾಕಿ ಒಂದು ಚೂರು ತೆಗೆದು ನೋಡ್ಬೇಕು. ಯಾಕೆ ಹೀಗಾಗ್ತಿದೆ ಅಂತ ನನಗೂ ಅರ್ಥ ಆಗ್ತಿಲ್ಲ."

ಅತ್ತೆ ಈಗ ಎಗರಿಬೀಳುತ್ತಾರೆ ಎಂದು ಅಕ್ಷರಮ್ಮ ಕಾದಳು. ನನ್ನದಕ್ಕೆ ಏನೂ ಆಗಿಲ್ಲ, ನಿಮ್ಮ ಮಿಷನ್ನೇ ಕೆಟ್ಟಿರಬೇಕು, ಸರಿಯಾಗಿ ನೋಡಿ ಎನ್ನುತ್ತಾರೆಂದು ಕಾದಳು. ಅತ್ತೆ ತಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

"ನಂದೇ ಸರಿಯಿಲ್ವೇನೋ ಡಾಕ್ಟ್ರೇ," ಎಂದರು ಕೊನೆಗೆ. ಅವರ ದನಿ ಅಷ್ಟು ಸಣ್ಣದಿದ್ದದ್ದನ್ನು ಅಕ್ಷರಮ್ಮ ಎಂದೂ ಕೇಳಿರಲಿಲ್ಲ. "ವಯಸ್ಸಾಗಿತ್ತಲ್ಲ, ಹಳೇ ಸಾಮಾನು. ಕಾದಿದ್ರೆ ಇವಳಿಗೆ ಯಾರದ್ದಾದ್ರೂ ಎಳೇದು ಸಿಕ್ತಿತ್ತು. ನಾನೇ ಹಟ ಮಾಡಿ ಕೊಟ್ಟೆ. ದಿನಾ ಹೇಗಿದೆ ಹೇಗಿದೆ ಅಂತ ಕೇಳ್ತಿದ್ದದ್ದೂ ಅದಕ್ಕೇನೇ. ಕೆಟ್ಟದ್ದು ಕೊಟ್ಬಿಟ್ನೇನೋ ಅಂತ ನಂಗೆ ಮೊದಲಿಂದ ಭಯ."

ಒಂದು ವರ್ಷ ಅಕ್ಷರಮ್ಮ ಆ "ನಂದು, ನಂದು" ಕೇಳಿ ಹೊಟ್ಟೆ ಉರಿಸಿಕೊಂಡಿದ್ದಳು. ಅದು ಜಂಬವೆಂದು ತಿಳಿದಿದ್ದಳು, ಭಯವೆಂದು ಹೊಳೆದೇ ಇರಲಿಲ್ಲ.

ಅವಳು ಕೈಚೀಲದಿಂದ ಡಬ್ಬಿ ತೆಗೆದಳು. ಮುಚ್ಚಳ ತಿರುಗಿಸಿ ತೆಗೆದು ಬಗ್ಗಿಸಿದಳು. ಕ್ಯಾಪ್ಸೂಲುಗಳು ಡಾಕ್ಟರಮ್ಮನ ಮೇಜಿನ ಮೇಲೆ ಚೆಲ್ಲಿಕೊಂಡವು. ನಡುನಡುವೆ ಡಬ್ಬಿಯ ತಳದಲ್ಲಿ ಉಳಿದಿದ್ದ ನಾಲ್ಕಾರು ಬೆಳ್ಳಿ ಮಣಿಗಳೂ ಉರುಳಿದವು.

"ನಿಮ್ಮದು ಚೆನ್ನಾಗೇ ಇದೆ ಅತ್ತೆ," ಎಂದಳು. "ನಾನೇ ನುಂಗಿಲ್ಲ."

ಡಾಕ್ಟರಮ್ಮ, "ಯಾಕೆ?" ಎಂದರು. ಅವಳು ತಾತ, ಕೇಕು, ನೂರು, ಮೂರು, ಮಿಷನ್ನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಡಾಕ್ಟರಮ್ಮ ನಗಲಿಲ್ಲ.

"ಇದನ್ನ ಮೊದಲೇ ಹೇಳಬಾರದಿತ್ತಾ? ಏನಾದ್ರೂ ದಾರಿ ಹುಡುಕ್ತಿದ್ವಿ."

"ನೀವು ಬಟನ್ ಬಗ್ಗೆ ಕೇಳಿದ್ರಿ," ಎಂದಳು ಅಕ್ಷರಮ್ಮ. ಅಳು ಬರುವಷ್ಟು ಸಿಟ್ಟಿತ್ತು, ಈಗ ಆ ಸಿಟ್ಟು ತನ್ನ ಮೇಲೆಯೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಂದೇ ವಾರ್ಡಿಗೆ ಸೇರಿಸಿದರು. ಸೂಜಿ ಹಾಕಿ ನೋಡಿದ್ದಾಯಿತು. ದೇಹ ಕಿಡ್ನಿಯ ಮೇಲೆ ಬೀಳಲು ಶುರುಮಾಡಿತ್ತು. ನರದೊಳಗೆ ಸ್ಟೀರಾಯ್ಡ್ ಹನಿಹನಿಯಾಗಿ ಇಳಿಯಿತು; ಇನ್ನು ಕೆನ್ನೆ ನೋಡುವವರಿಗೆ ಹಬ್ಬ. ಗಂಡ ಕೆಲಸದ ಬಟ್ಟೆಯಲ್ಲೇ ಬಂದು, ಏನು ಹೇಳಬೇಕೋ ತೋಚದೆ, ಆಸ್ಪತ್ರೆಯ ಲಿಫ್ಟು ಸದ್ದು ಮಾಡುತ್ತಿದೆಯೆಂದು ಹೇಳಿ ಹೋದ. ಯಜಮಾನ ಫೋನ್ ಮಾಡಿ, ಆರಾಮಾಗಿ ಬನ್ನಿ, ಮಿಷನ್ ತರಿಸಿದೀನಿ, ಅದನ್ನ ನೋಡ್ಕೊಳ್ಳೋಕೂ ಒಬ್ಬರು ಬೇಕಲ್ಲ ಎಂದ. ಮಿಷನ್ ಬರಬಾರದೆಂದು ಇಷ್ಟೆಲ್ಲ ಮಾಡಿಕೊಂಡದ್ದು. ಅದು ಇವಳಿಗಿಂತ ಮೊದಲೇ ಬಂದು ಇವಳ ಜಾಗದಲ್ಲಿ ಕೂತಿತ್ತು. ಅಕ್ಷರಮ್ಮ ಫೋನನ್ನು ದಿಂಬಿನಡಿ ತುರುಕಿದಳು.

ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಇದ್ದರು. ನೀರು ಕೊಟ್ಟರು, ಹೊದಿಕೆ ಎಳೆದರು, ಆದರೆ ಒಂದು ಮಾತೂ ಆಡಲಿಲ್ಲ. "ನಂದು ಹೇಗಿದೆ" ಎಂದೂ ಕೇಳಲಿಲ್ಲ. ಆ ಪ್ರಶ್ನೆಗಾಗಿ ತಾನು ಕಾಯುವ ದಿನವೂ ಬರುತ್ತದೆಂದು ಅಕ್ಷರಮ್ಮ ಕನಸಿನಲ್ಲೂ ಎಣಿಸಿರಲಿಲ್ಲ.

ಹನಿ ಮುಗಿದ ಮೇಲೆ ಡಾಕ್ಟರಮ್ಮ ಬಂದರು. ಅಂಕಿ ಇಳಿದಿತ್ತು, ಆದರೆ ಮೊದಲಿದ್ದಲ್ಲಿಗೆ ಇಳಿದಿರಲಿಲ್ಲ.

"ಇನ್ನು ಇದಕ್ಕಿಂತ ಇಳಿಯಲ್ಲ ಅನ್ಸುತ್ತೆ. ಕಿಡ್ನಿ ಎಷ್ಟು ವರ್ಷ ಬರುತ್ತೆ ಅಂತ ನಾನು ಹೇಳಲಾರೆ. ಅದೇ ಔಷಧಿ ದಿನಕ್ಕೊಂದು ಸಲ ತಗೊಳ್ಳೋ ಥರದ್ದಿದೆ, ನಿಧಾನಕ್ಕೆ ಕರಗುತ್ತ ಹೋಗುತ್ತೆ. ಅದಕ್ಕೆ ಬದಲಾಯಿಸ್ತೀನಿ. ನಡುಕ ಸ್ವಲ್ಪ ಕಮ್ಮಿ ಆಗ್ಬಹುದು. ಪೂರ್ತಿ ಹೋಗುತ್ತೆ ಅಂದ್ಕೋಬೇಡಿ."

ಅವರು ಪಕ್ಕದ ವಾರ್ಡಿಗೆ ತಿರುಗಿದ್ದೇ ತಡ, ಅತ್ತೆಯ ಸಿಟ್ಟು ಕಟ್ಟೆಯೊಡೆಯಿತು.

"ಬುದ್ಧಿ ಅನ್ನೋದು ಇದೆಯೇನೇ ನಿಂಗೆ? ಯಾರೋ ಮುದುಕನ ಕೇಕಿಗೆ ನೂರು ಬರೀಬೇಕು ಅಂತ ನಿನ್ನ ಕಿಡ್ನಿನ ಮೂರಕ್ಕೆ ಇಳಿಸ್ಕೊಂಡ್ಯಲ್ಲೇ. ನನ್ನ ಕೈಲಿ ಪಟ್ಟಿ ಬೇರೆ ನೋಡಿಸ್ದೆ. ಡಾಕ್ಟ್ರ ಮುಂದೆ ನಾನು ಸಾಕ್ಷಿ ಹೇಳೋ ಹಾಗೆ ಮಾಡ್ದೆ."

ಅಕ್ಷರಮ್ಮ ತಲೆಯೆತ್ತಿದಳು.

"ಏನಂದ್ರಿ?"

"ಸಾಕ್ಷಿ ಹೇಳಿಸ್ದೆ ಅಂದೆ."

"ಅದಲ್ಲ. ಅದಕ್ಕೆ ಮುಂಚೆ. ಯಾರ ಕಿಡ್ನಿ ಅಂದ್ರಿ?"

"ನಿಂದು," ಎಂದರು ಅತ್ತೆ ಸಿಡುಕಿನಿಂದ. "ಇನ್ನೇನು ಪಕ್ಕದ್ಮನೆಯವಳದಾ?"

ಒಂದು ವರ್ಷ ಕೇಳಬೇಕೆಂದಿದ್ದ ಮಾತು. ಬರುವುದೇನೋ ಬಂತು, ಅರ್ಧ ಹಾಳಾದ ಮೇಲೆ ಬಂತು. ಅಕ್ಷರಮ್ಮನಿಗೆ ಅಳು ಉಕ್ಕಿ ಬಂತು, ಆ ದುಂಡನೆಯ ಕೆನ್ನೆಗಳ ಮೇಲೆ ಧಾರಾಳವಾಗಿ ಹರಿಯಿತು.

"ಅಳ್ಬೇಡ. ಕುಡಿದ ನೀರೆಲ್ಲ ಕಣ್ಣಲ್ಲೇ ಹೋದ್ರೆ ಅದಕ್ಕೇನು ಉಳಿಯುತ್ತೆ?" ಎಂದು ಅತ್ತೆ ಲೋಟ ತುಂಬಿಸಿ, ಹೊಸ ಕ್ಯಾಪ್ಸೂಲನ್ನು ಅವಳ ಅಂಗೈಯಲ್ಲಿಟ್ಟರು. ಅವಳ ಕೈ ನಡುಗಿ ಅರ್ಧ ಲೋಟ ನೀರು ಹಾಸಿಗೆಯ ಮೇಲೆ ಚೆಲ್ಲಿತು. ಅತ್ತೆ ಲೋಟ ಕಿತ್ತುಕೊಳ್ಳಲಿಲ್ಲ. ಅವಳೇ ಎತ್ತಿ ಕುಡಿಯುವವರೆಗೂ ಕಾದು ಕೂತರು.

"ಬಾಯಿ ತೆಗಿ. ನಾಲಿಗೆ ಎತ್ತು."

ಅವಳು ಎತ್ತಿದಳು. ಅತ್ತೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಟಿಕೆಟ್ ನೋಡಿದ ಹಾಗೆ ಒಳಗೆಲ್ಲ ನೋಡಿದರು.

"ನೂರೋ ಮೂರೋ, ಇರೋಷ್ಟು ದಿನ ನೆಟ್ಟಗೆ ಇಟ್ಕೋ," ಎಂದರು. "ಮುಂದೆ."

ಹಾಗೆಂದವರು ಸ್ಟೂಲು ಬಿಟ್ಟು ಏಳಲಿಲ್ಲ.